ಕ್ಯಾಶ್ ಪ್ಲಗಿನ್ನೇ ಸರ್ವರ್‌ಗೆ ಭಾರವಾದಾಗ

ಸಣ್ಣ ಸೈಟ್ ನಡೆಸುವವರಿಗೆ ಹೋಸ್ಟಿಂಗ್ ಕಂಪನಿಯಿಂದ ಬರುವ ಒಂದು ಮೇಲ್ ಚೆನ್ನಾಗಿ ಗೊತ್ತು. ನಿಮ್ಮ ಖಾತೆ ಸಿಪಿಯು ಬಳಕೆಯ ಮಿತಿ ಮೀರಿದೆ, ಹೀಗೇ ಮುಂದುವರಿದರೆ ಸೈಟ್ ನಿಲ್ಲಿಸಬೇಕಾಗುತ್ತದೆ, ಇಲ್ಲವೇ ದೊಡ್ಡ ಪ್ಲಾನ್‌ಗೆ ಬನ್ನಿ ಎಂಬ ಒಕ್ಕಣೆಯ ಮೇಲ್ ಅದು. ಓದಿದವರು ಗಾಬರಿಯಾಗಿ ಒಂದು ಕ್ಯಾಶ್ ಪ್ಲಗಿನ್ ಹಾಕಿಕೊಳ್ಳುತ್ತಾರೆ. ಈಗಾಗಲೇ ಇದ್ದರೆ ಅದರೊಳಗೆ ಆಫ್ ಆಗಿರುವ ಆಯ್ಕೆಗಳನ್ನೆಲ್ಲ ಆನ್ ಮಾಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ಮೇಲ್ ಮತ್ತೆ ಬರುತ್ತದೆ, ಈ ಸಲ ಇನ್ನೂ ದೊಡ್ಡ ಅಂಕಿಗಳೊಂದಿಗೆ. ಜಿಲ್ಲಾ ಮಟ್ಟದ ಸುದ್ದಿ ಪೋರ್ಟಲ್‌ಗಳಲ್ಲಿ, ಸಾಹಿತ್ಯದ ವೆಬ್ ಪತ್ರಿಕೆಗಳಲ್ಲಿ, ಮಸಾಲೆಪುಡಿ ಮಾರುವ ಪುಟ್ಟ ಆನ್‌ಲೈನ್ ಅಂಗಡಿಗಳಲ್ಲಿ ನಡೆಯುತ್ತಿರುವುದು ಇದೇ. ಓದುಗರ ಸಂಖ್ಯೆ ಹೆಚ್ಚಾಗಿಲ್ಲ, ಲೋಡ್ ಮಾತ್ರ ಏರಿದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಕ್ಯಾಶ್ ಮಾಡುವ ಕೆಲಸವನ್ನು ಒಮ್ಮೆ ನೋಡಬೇಕು. ಇಲ್ಲಿ ಹೇಳುತ್ತಿರುವ ಸೈಟುಗಳಿಗೆ ಆಧಾರವಾದ ವರ್ಡ್‌ಪ್ರೆಸ್ ಪಿಎಚ್‌ಪಿಯಲ್ಲಿ ಬರೆದ ತಂತ್ರಾಂಶ. ಲೇಖನಗಳೆಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಕೂತಿರುತ್ತವೆ. ಯಾರಾದರೂ ಒಂದು ಲೇಖನ ತೆರೆದರೆ ಸರ್ವರ್ ಥೀಮ್ ಮತ್ತು ಪ್ಲಗಿನ್‌ಗಳನ್ನೆಲ್ಲ ಓಡಿಸಿ, ಡೇಟಾಬೇಸ್‌ಗೆ ಹತ್ತಾರು ಬಾರಿ ಹೋಗಿ ಬಂದು, ಆ ಪುಟವನ್ನು ಕಟ್ಟಿ ಕೊಡುತ್ತದೆ. ಕಟ್ಟಿದ ಪುಟವನ್ನು ಕ್ಯಾಶ್ ಪ್ಲಗಿನ್ ಒಂದು ಎಚ್‌ಟಿಎಂಎಲ್ ಫೈಲ್ ಆಗಿ ಉಳಿಸಿಕೊಂಡು, ಮುಂದೆ ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಕಟ್ಟುವ ಕೆಲಸ ಒಂದೇ ಸಲ, ಕೊಡುವ ಕೆಲಸ ಸಾವಿರ ಸಲ. ಕ್ಯಾಶ್‌ನ ಲಾಭವೆಲ್ಲ ಇರುವುದು ಈ ಲೆಕ್ಕದಲ್ಲಿ. ಯಾರೂ ಕೇಳದ ಪುಟಗಳನ್ನು ಪ್ಲಗಿನ್ ಕಟ್ಟತೊಡಗಿದರೆ, ಚೆನ್ನಾಗಿದ್ದ ಫೈಲುಗಳನ್ನು ಬೇಗ ಬೇಗ ಅಳಿಸಿದರೆ, ಉಳಿಸಿಟ್ಟ ಫೈಲ್ ಓದುಗರಿಗೆ ಸಿಗದಂತಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಪ್ಲಗಿನ್‌ನಿಂದ ಹುಟ್ಟುವ ಹೊರೆಯಲ್ಲಿ ಬಹುಪಾಲು ಈ ಬಾಬ್ತುಗಳದ್ದೇ.

ಮೊದಲು ಲಾಗ್ ನೋಡಿ

ಸೆಟಿಂಗ್ ಮುಟ್ಟುವ ಮೊದಲು ಎರಡು ಕಡೆ ಕಣ್ಣಾಡಿಸಿ. ಶೇರ್ಡ್ ಹೋಸ್ಟಿಂಗ್‌ನಲ್ಲಿರುವವರಿಗೆ ಸಿಪ್ಯಾನೆಲ್‌ನಲ್ಲಿ ‘ರಿಸೋರ್ಸ್ ಯೂಸೇಜ್’ ಎಂಬ ಪುಟವಿರುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಓದು–ಬರಹ, ಎಂಟ್ರಿ ಪ್ರೊಸೆಸ್ (ಒಟ್ಟಿಗೇ ನಡೆಯುತ್ತಿರುವ ಬೇಡಿಕೆಗಳು) ಎಂದು ಬೇರೆ ಬೇರೆ ಗ್ರಾಫ್‌ಗಳು ಅಲ್ಲಿ ಸಿಗುತ್ತವೆ. ಯಾವ ಗ್ರಾಫ್ ಮಿತಿ ಮುಟ್ಟುತ್ತಿದೆ, ಯಾವ ಹೊತ್ತಿನಲ್ಲಿ ಮುಟ್ಟುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕನ್ನಡ ಓದುಗರು ಹೆಚ್ಚಾಗಿ ಬೆಳಗ್ಗೆ ಮತ್ತು ರಾತ್ರಿ ಊಟದ ಹೊತ್ತಿಗೆ ಸೈಟಿಗೆ ಬರುತ್ತಾರೆ. ನಿಮ್ಮ ಗ್ರಾಫ್ ನಡುರಾತ್ರಿ ಎರಡು ಗಂಟೆಗೂ ಹಾಗೇ ಎತ್ತರದಲ್ಲಿ ನಿಂತಿದ್ದರೆ ಅದು ಓದುಗರ ಕೆಲಸವಲ್ಲ.

ಆ ಹೊತ್ತಿನ ಗಿರಾಕಿ ಯಾರೆಂದು ಹೇಳುವುದು ಆಕ್ಸೆಸ್ ಲಾಗ್. ಅದೇ ಸಿಪ್ಯಾನೆಲ್‌ನಲ್ಲಿ ‘ರಾ ಆಕ್ಸೆಸ್’ ಎಂಬಲ್ಲಿಂದ ಇಳಿಸಿಕೊಳ್ಳಬಹುದು. ಒಂದು ಬೇಡಿಕೆಗೆ ಒಂದು ಸಾಲು: ಮೊದಲಿಗೆ ಬಂದವರ ಐಪಿ ವಿಳಾಸ, ಆಮೇಲೆ ಸಮಯ, ಕೇಳಿದ ಪುಟ, ಕೊಟ್ಟ ಉತ್ತರದ ಸಂಖ್ಯೆ, ಕೊನೆಯಲ್ಲಿ ಬಂದವರ ಗುರುತು. ಆ ಗುರುತಿನ ಜಾಗದಲ್ಲಿ ಕ್ರೋಮ್, ಆಂಡ್ರಾಯ್ಡ್ ಎಂಬ ಹೆಸರುಗಳಷ್ಟೇ ಇದ್ದರೆ ಸಾಮಾನ್ಯವಾಗಿ ಮನುಷ್ಯರು ಎಂದುಕೊಳ್ಳಬಹುದು. ಸಾಲುಸಾಲಾಗಿ ‘ಡಬ್ಲ್ಯೂಪಿ ರಾಕೆಟ್ / ಪ್ರಿಲೋಡ್’ ಎಂದೋ ‘ಎಲ್‌ಎಸ್‌ಕ್ಯಾಶ್ ರನ್ನರ್’ ಎಂದೋ ಇದ್ದರೆ ನಿಮ್ಮ ಪ್ಲಗಿನ್ನೇ ನಿಮ್ಮ ಸೈಟಿನ ಅತಿ ದೊಡ್ಡ ಓದುಗ. ಐಪಿ ವಿಳಾಸವೂ ನಿಮ್ಮ ಸರ್ವರ್‌ನದ್ದೇ ಆಗಿರುವುದು ಸಾಮಾನ್ಯ. ಒಂದು ದಿನದ ಲಾಗ್‌ನಲ್ಲಿ ಇಂಥ ಸಾಲುಗಳೆಷ್ಟು, ಉಳಿದವೆಷ್ಟು ಎಂದು ಎಣಿಸಿದರೆ ಅರ್ಧ ಕೆಲಸ ಮುಗಿದಂತೆ. ಟೆಕ್ಸ್ಟ್ ಎಡಿಟರ್‌ನ ಹುಡುಕುವ ಸೌಲಭ್ಯವೇ ಇದಕ್ಕೆ ಸಾಕು.

ಪ್ರಿಲೋಡ್ ಎಂಬ ಅತ್ಯುತ್ಸಾಹ

ಓದುಗ ಬರುವ ಮೊದಲೇ ಪುಟ ಸಿದ್ಧವಿರಲಿ ಎಂದು ಪ್ಲಗಿನ್ ತಾನೇ ಒಂದೊಂದು ಪುಟವನ್ನೂ ತೆರೆದು ಕ್ಯಾಶ್ ಮಾಡಿಡುವುದು ಪ್ರಿಲೋಡ್. ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್‌ನಲ್ಲಿ ಇದನ್ನೇ ಕ್ರಾಲರ್ ಎನ್ನುತ್ತಾರೆ. ಐವತ್ತು ಪುಟಗಳ ಕಂಪನಿ ಸೈಟಿಗೆ ಇದು ಒಳ್ಳೆಯದು. ಹತ್ತು ವರ್ಷಗಳಿಂದ ನಡೆಯುತ್ತಿರುವ ಸುದ್ದಿ ಸೈಟಿಗೆ ಹೇಗಾಗುತ್ತದೆ ನೋಡಿ. ಎಂಟು ಸಾವಿರ ಲೇಖನಗಳಿವೆ ಎಂದಿಟ್ಟುಕೊಳ್ಳೋಣ. ಬರೆದವರೆಲ್ಲ ತೋಚಿದಂತೆ ಹಾಕಿದ ಟ್ಯಾಗ್‌ಗಳು ಐದು ಸಾವಿರ. ಪ್ರತಿ ಟ್ಯಾಗ್‌ಗೂ ಒಂದು ಪುಟ. ಒಟ್ಟು 13,000. ಮೊಬೈಲ್‌ಗೆ ಪ್ರತ್ಯೇಕ ಕ್ಯಾಶ್ ಆನ್ ಮಾಡಿದ್ದರೆ 26,000. ಒಂದು ಪುಟ ಕಟ್ಟಲು ಒಂದು ಸೆಕೆಂಡ್ ಹಿಡಿದರೂ ಒಂದು ಸುತ್ತಿಗೆ ಏಳು ಗಂಟೆಗೂ ಮೀರಿ ಸಿಪಿಯು ದುಡಿಯಬೇಕು. ಡಬ್ಲ್ಯೂಪಿ ರಾಕೆಟ್‌ನಲ್ಲಿ ಕ್ಯಾಶ್‌ನ ಆಯುಷ್ಯ ಮೊದಲಿನಿಂದಲೇ 10 ಗಂಟೆ ಎಂದು ಇಟ್ಟಿರುತ್ತದೆ. ಅಂದರೆ ಒಂದು ಸುತ್ತು ಮುಗಿದು ಉಸಿರು ಬಿಡುವಷ್ಟರಲ್ಲಿ ಮೊದಲು ಕಟ್ಟಿದ ಪುಟಗಳ ಅವಧಿ ತೀರಿ ಇನ್ನೊಂದು ಸುತ್ತು ಶುರು. 2016ರ ಯಾವುದೋ ಪತ್ರಿಕಾಗೋಷ್ಠಿಯ ವರದಿಯನ್ನು ದಿನಕ್ಕೆರಡು ಬಾರಿ ಕಟ್ಟಿ, ಯಾರೂ ಓದದೆ, ಅಳಿಸಿ, ಮತ್ತೆ ಕಟ್ಟುತ್ತಾ ಇರುತ್ತದೆ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಶೇರ್ಡ್ ಹೋಸ್ಟಿಂಗ್‌ನಲ್ಲಿದ್ದು ಸಾವಿರಕ್ಕಿಂತ ಹೆಚ್ಚು ಪುಟಗಳಿದ್ದರೆ ಪ್ರಿಲೋಡ್ ಆಫ್ ಮಾಡಿ. ಹಳೆಯ ಲೇಖನವನ್ನು ಹುಡುಕಿಕೊಂಡು ಬರುವ ಮೊದಲ ಓದುಗ ಒಂದು ಸೆಕೆಂಡ್ ಹೆಚ್ಚು ಕಾಯುತ್ತಾನೆ, ಅಷ್ಟೇ. ಮುಖಪುಟ ಮತ್ತು ಈಚಿನ ಸುದ್ದಿಗಳನ್ನು ಓದುಗರೇ ನಿಮಿಷಕ್ಕೊಮ್ಮೆ ತೆರೆಯುತ್ತಿರುವುದರಿಂದ ಅವಕ್ಕೆ ಪ್ರಿಲೋಡ್ ಬೇಕಿಲ್ಲ.

ಪ್ರಿಲೋಡ್ ಬೇಕೇ ಬೇಕು ಎನ್ನುವವರಿಗೆ ಹತೋಟಿಯ ದಾರಿಗಳಿವೆ. ಡಬ್ಲ್ಯೂಪಿ ಸೂಪರ್ ಕ್ಯಾಶ್‌ನಲ್ಲಿ ಎಷ್ಟು ನಿಮಿಷಕ್ಕೊಮ್ಮೆ ಪ್ರಿಲೋಡ್ ಮಾಡಬೇಕೆಂಬ ಜಾಗದಲ್ಲಿ ಸೊನ್ನೆ ಹಾಕಿದರೆ ತಾನಾಗಿ ಮತ್ತೆ ಮತ್ತೆ ಓಡುವುದು ನಿಲ್ಲುತ್ತದೆ. ಬೇಕೆನಿಸಿದಾಗ ನೀವೇ ಒಮ್ಮೆ ಓಡಿಸಬಹುದು. ಟ್ಯಾಗ್, ವಿಭಾಗಗಳ ಪುಟಗಳನ್ನು ಪ್ರಿಲೋಡ್‌ಗೆ ಸೇರಿಸುವ ಆಯ್ಕೆಯನ್ನು ಆಫ್ ಇಡಿ. ಡಬ್ಲ್ಯೂ3 ಟೋಟಲ್ ಕ್ಯಾಶ್‌ನಲ್ಲಿ ಒಂದು ಸರದಿಗೆ ಎಷ್ಟು ಪುಟ, ಸರದಿಗಳ ನಡುವೆ ಎಷ್ಟು ಸೆಕೆಂಡ್ ಎಂಬ ಎರಡು ಅಂಕಿಗಳಿವೆ. ಮೊದಲನೆಯದನ್ನು ಇಳಿಸಿ, ಎರಡನೆಯದನ್ನು ಏರಿಸಿ. ಲೈಟ್‌ಸ್ಪೀಡ್ ಕ್ಯಾಶ್‌ನ ಕ್ರಾಲರ್ ಮೊದಲಿನಿಂದ ಆಫ್ ಆಗಿಯೇ ಇರುತ್ತದೆ. ಆನ್ ಮಾಡುವವರು ಅಲ್ಲಿನ ‘ಸರ್ವರ್ ಲೋಡ್ ಲಿಮಿಟ್’ ಅಂಕಿಯನ್ನು ಚಿಕ್ಕದಾಗಿ ಇಡಬೇಕು. ಹೊರೆ ಆ ಮಿತಿ ದಾಟಿದೊಡನೆ ಕ್ರಾಲರ್ ಹಿಂದೆ ಸರಿಯುತ್ತದೆ. ಪ್ಲಗಿನ್ ಬರೆದವರೇ ಇಂಥ ಕಡಿವಾಣ ಇಟ್ಟಿದ್ದಾರೆ ಎಂದರೆ ಈ ಕೆಲಸ ಎಷ್ಟು ಭಾರದ್ದು ಎಂಬುದು ಅವರಿಗೂ ಗೊತ್ತಿದೆ ಎಂದರ್ಥ.

ಅಂದಹಾಗೆ, ಮೊಬೈಲ್‌ಗೆ ಪ್ರತ್ಯೇಕ ಕ್ಯಾಶ್ ಬೇಕಾಗುವುದು ಮೊಬೈಲ್‌ನಲ್ಲಿ ಬೇರೆಯದೇ ಥೀಮ್ ಅಥವಾ ಬೇರೆಯದೇ ಪುಟ ತೋರಿಸುವ ಸೈಟುಗಳಿಗೆ. ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಇಂದಿನ ಥೀಮ್‌ಗಳಿಗೆ ಸಾಮಾನ್ಯವಾಗಿ ಒಂದೇ ಸಾಕು. ಆಫ್ ಮಾಡಿ ಫೋನಿನಲ್ಲಿ ಸೈಟ್ ಸರಿಯಾಗಿ ಕಾಣುತ್ತದೆಯೇ ನೋಡಿ. ಕಂಡರೆ ಫೈಲುಗಳ ಸಂಖ್ಯೆ ಅಲ್ಲಿಗೇ ಅರ್ಧಕ್ಕೆ ಇಳಿಯಿತು.

ಒಂದು ಕಾಗುಣಿತ ತಿದ್ದಿದ್ದಕ್ಕೆ ಇಡೀ ಕ್ಯಾಶ್ ಖಾಲಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸುದ್ದಿ ಸೈಟುಗಳಲ್ಲಿ ಏನಾಗುತ್ತದೆಂದು ಗಮನಿಸಿ. ಫಲಿತಾಂಶ ನೋಡುವುದು ಹೇಗೆ ಎಂಬ ಒಂದೇ ಸುದ್ದಿಗೆ ಜನ ಮುಗಿಬೀಳುತ್ತಾರೆ. ಡೆಸ್ಕಿನಲ್ಲಿರುವವರು ಅದೇ ಸುದ್ದಿಯನ್ನು ಅಪ್‌ಡೇಟ್ ಮಾಡುತ್ತಲೇ ಇರುತ್ತಾರೆ: ಮೊದಲು ಶೇಕಡಾವಾರು, ಆಮೇಲೆ ಜಿಲ್ಲೆಗಳ ಪಟ್ಟಿ, ಆಮೇಲೆ ಒಂದು ಒತ್ತಕ್ಷರ ತಿದ್ದಿದ್ದು. ಪ್ರತಿ ಸಲ ‘ಅಪ್‌ಡೇಟ್’ ಒತ್ತಿದಾಗಲೂ ಆ ಸುದ್ದಿಯ ಕ್ಯಾಶ್ ಮಾತ್ರವಲ್ಲ, ಮುಖಪುಟ, ಆ ಸುದ್ದಿಯ ವಿಭಾಗ, ಅದಕ್ಕೆ ಹಾಕಿದ ಟ್ಯಾಗ್‌ಗಳ ಪುಟಗಳು, ಲೇಖಕರ ಪುಟ, ಫೀಡ್ ಎಲ್ಲವೂ ಅಳಿಯುತ್ತವೆ. ಅಳಿದ ಕ್ಷಣದಲ್ಲೇ ಮುಖಪುಟ ತೆರೆದ ನೂರು ಜನರಿಗೂ ಉಳಿಸಿಟ್ಟ ಫೈಲ್ ಸಿಗುವುದಿಲ್ಲ. ನೂರು ಬೇಡಿಕೆಗಳೂ ಒಟ್ಟಿಗೇ ಪಿಎಚ್‌ಪಿಗೆ ಹೋಗುತ್ತವೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದು ಖಾತೆಗೆ ಏಕಕಾಲಕ್ಕೆ ಸಿಗುವ ಎಂಟ್ರಿ ಪ್ರೊಸೆಸ್ ಸಾಮಾನ್ಯವಾಗಿ 20ರ ಆಸುಪಾಸು. ಉಳಿದವರಿಗೆ ಕಾಣುವುದು ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂಬ ಬಿಳಿ ಪುಟ.

ಇದಕ್ಕೆ ಮದ್ದು ಎರಡು ಬಗೆಯದು. ಮೊದಲನೆಯದು ಅಳಿಸುವುದನ್ನು ಕಡಿಮೆ ಮಾಡುವುದು. ಡಬ್ಲ್ಯೂಪಿ ಸೂಪರ್ ಕ್ಯಾಶ್‌ನಲ್ಲಿ ಪೋಸ್ಟ್ ಪ್ರಕಟವಾದಾಗ ಅಥವಾ ಬದಲಾದಾಗ ಎಲ್ಲ ಕ್ಯಾಶ್ ಫೈಲುಗಳನ್ನೂ ಅಳಿಸು ಎಂಬ ಆಯ್ಕೆಯಿದೆ. ಅದನ್ನು ಆಫ್ ಇಡಿ. ಲೈಟ್‌ಸ್ಪೀಡ್‌ನಲ್ಲಿ ಪೋಸ್ಟ್ ಬದಲಾದರೆ ಯಾವ ಯಾವ ಪುಟ ಅಳಿಯಬೇಕೆಂದು ಒಂದೊಂದಾಗಿ ಆರಿಸಬಹುದು. ಮುಖಪುಟ, ವಿಭಾಗ ಇಷ್ಟು ಸಾಕು. ತಿಂಗಳವಾರು ಸಂಗ್ರಹದ ಪುಟ ಒಂದು ದಿನ ತಡವಾಗಿ ಬದಲಾದರೆ ಯಾರಿಗೂ ನಷ್ಟವಿಲ್ಲ. ಅಲ್ಲೇ ‘ಪರ್ಜ್ ಆಲ್ ಆನ್ ಅಪ್‌ಗ್ರೇಡ್’ ಎಂಬುದೂ ಉಂಟು. ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ಬಿಟ್ಟಿದ್ದರೆ, ನಿಮಗೆ ತಿಳಿಯದಂತೆ ಹಗಲುಹೊತ್ತಿನಲ್ಲೇ ಇಡೀ ಕ್ಯಾಶ್ ಖಾಲಿಯಾಗುವುದಕ್ಕೆ ಅದೇ ಕಾರಣವಾಗಬಹುದು. ಮೆನು ಅಥವಾ ವಿಜೆಟ್ ಬದಲಿಸಿದರೂ ಹಲವು ಪ್ಲಗಿನ್‌ಗಳು ಎಲ್ಲವನ್ನೂ ಅಳಿಸುತ್ತವೆ. ಜಾಹೀರಾತಿನ ವಿಜೆಟ್ ಬದಲಿಸುವ ಕೆಲಸವನ್ನು ರಾತ್ರಿ ಹನ್ನೊಂದರ ಮೇಲೆ ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಡೆಸ್ಕಿನವರಿಗೆ ಒಂದು ಮಾತು: ಪ್ರಕಟಿಸುವ ಮೊದಲು ಪ್ರಿವ್ಯೂನಲ್ಲಿ ಓದಿ, ತಿದ್ದುಪಡಿಗಳನ್ನು ಒಟ್ಟುಮಾಡಿ ಒಂದೇ ಸಲ ಅಪ್‌ಡೇಟ್ ಒತ್ತಿ. ಒಂದು ಸುದ್ದಿಗೆ ಹದಿನೈದು ಟ್ಯಾಗ್ ಬೇಡ, ಮೂರೋ ನಾಲ್ಕೋ ಸಾಕು.

ಎರಡನೆಯದು, ಹೊಸ ಪುಟ ಸಿದ್ಧವಾಗುವವರೆಗೆ ಹಳೆಯದನ್ನೇ ಕೊಡುವುದು. ಸೂಪರ್ ಕ್ಯಾಶ್‌ನಲ್ಲಿ ಇದು ‘ಕ್ಯಾಶ್ ರೀಬಿಲ್ಡ್’, ಲೈಟ್‌ಸ್ಪೀಡ್‌ನಲ್ಲಿ ‘ಸರ್ವ್ ಸ್ಟೇಲ್’. ಸ್ವಂತ ಎನ್‌ಜಿನ್‌ಎಕ್ಸ್ ಸರ್ವರ್ ಇದ್ದರೆ ಫಾಸ್ಟ್‌ಸಿಜಿಐ ಕ್ಯಾಶ್‌ನಲ್ಲೇ ಈ ಸೌಲಭ್ಯವಿದೆ. ನೂರು ಜನರಲ್ಲಿ ಒಬ್ಬರ ಬೇಡಿಕೆ ಮಾತ್ರ ಪಿಎಚ್‌ಪಿಗೆ ಹೋಗುತ್ತದೆ, ಉಳಿದ ತೊಂಬತ್ತೊಂಬತ್ತು ಮಂದಿಗೆ ಕೆಲವು ಸೆಕೆಂಡ್ ಹಳೆಯ ಮುಖಪುಟ ಕಾಣುತ್ತದೆ. ಈ ಲೇಖನದಲ್ಲಿ ಹೇಳಿರುವುದರಲ್ಲಿ ಸುದ್ದಿ ಸೈಟಿಗೆ ಅತಿ ಹೆಚ್ಚು ಪ್ರಯೋಜನವಾಗುವ ಒಂದೇ ಸೆಟಿಂಗ್ ಹೇಳಿ ಎಂದರೆ ನಾನು ಇದನ್ನು ಹೇಳುತ್ತೇನೆ.

ಕ್ಯಾಶ್‌ನ ಆಯುಷ್ಯ ಹೆಚ್ಚಿಸಿದರೂ ಕಟ್ಟುವ ಕೆಲಸ ತಗ್ಗುತ್ತದೆ. ಬರೀ ಓದುವ ಸೈಟಾದರೆ ಒಂದು ವಾರಕ್ಕೆ ಏರಿಸಬಹುದು. ಆದರೆ ಸಂಪರ್ಕದ ಫಾರ್ಮ್, ಮತದಾನದ ವಿಜೆಟ್ ಮೊದಲಾದವು ಪುಟದಲ್ಲಿದ್ದರೆ ಎಚ್ಚರ ಬೇಕು. ವರ್ಡ್‌ಪ್ರೆಸ್ ಅಂಥ ಫಾರ್ಮ್‌ಗಳಿಗೆ ನಾನ್ಸ್ ಎಂಬ ಗುಪ್ತ ಸಂಕೇತ ಕೊಡುತ್ತದೆ. ಅದರ ಬಾಳಿಕೆ ಹೆಚ್ಚೆಂದರೆ 24 ಗಂಟೆ, ಕೆಲವೊಮ್ಮೆ ಹನ್ನೆರಡೇ. ಅದಕ್ಕಿಂತ ಹಳೆಯ ಕ್ಯಾಶ್ ಪುಟದಿಂದ ಕಳಿಸಿದ ಫಾರ್ಮ್ ತಿರಸ್ಕೃತವಾಗಬಹುದು. ಅಂಥ ಪುಟಗಳನ್ನಷ್ಟೇ ಕ್ಯಾಶ್‌ನಿಂದ ಹೊರಗಿಟ್ಟು ಉಳಿದವಕ್ಕೆ ದೀರ್ಘ ಆಯುಷ್ಯ ಕೊಡಿ.

ಉಳಿಸಿಟ್ಟದ್ದು ಓದುಗರಿಗೆ ಸಿಗುತ್ತಿದೆಯೇ?

ಫೇಸ್‌ಬುಕ್‌ನಲ್ಲಿ ಹಂಚಿದ ಕೊಂಡಿಯನ್ನು ಒತ್ತಿದಾಗ ವಿಳಾಸದ ಕೊನೆಯಲ್ಲಿ ‘ಎಫ್‌ಬಿಸಿಎಲ್‌ಐಡಿ’ ಎಂದು ಶುರುವಾಗುವ ಉದ್ದನೆಯ ಬಾಲ ಸೇರಿಕೊಳ್ಳುತ್ತದೆ. ಒತ್ತಿದ ಒಬ್ಬೊಬ್ಬರಿಗೂ ಬೇರೆ ಬೇರೆ ಬಾಲ. ಆ ಬಾಲವನ್ನು ಪ್ಲಗಿನ್ ಕಡೆಗಣಿಸದಿದ್ದರೆ ಪ್ರತಿಯೊಬ್ಬರ ವಿಳಾಸವೂ ಹೊಸ ಪುಟವೆಂದೇ ಲೆಕ್ಕ. ಆಗ ಕ್ಯಾಶ್ ಇದ್ದೂ ಇಲ್ಲದಂತೆ. ಡಬ್ಲ್ಯೂಪಿ ರಾಕೆಟ್ ಮತ್ತು ಲೈಟ್‌ಸ್ಪೀಡ್‌ನ ಈಗಿನ ಆವೃತ್ತಿಗಳು ಇಂಥ ಬಾಲಗಳ ಪಟ್ಟಿಯನ್ನು ತಾವೇ ಇಟ್ಟುಕೊಂಡಿವೆ. ನಿಮ್ಮ ಪ್ಲಗಿನ್‌ನಲ್ಲಿ ಎಫ್‌ಬಿಸಿಎಲ್‌ಐಡಿ, ಜಿಸಿಎಲ್‌ಐಡಿ ಮತ್ತು ಯುಟಿಎಂ ಎಂದು ಶುರುವಾಗುವವು ಆ ಪಟ್ಟಿಯಲ್ಲಿವೆಯೇ ಎಂದು ನೋಡಿ. ಓದುಗರು ಮುಖ್ಯವಾಗಿ ಫೇಸ್‌ಬುಕ್‌ನಿಂದ ಬರುವ ಕನ್ನಡ ಸೈಟುಗಳಿಗೆ ಇದು ಸಣ್ಣ ವಿಷಯವಲ್ಲ.

ಕನ್ನಡಕ್ಕೇ ಸೇರಿದ ಇನ್ನೊಂದು ತೊಡಕಿದೆ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಮಾತ್ರ ಅದು ಶೇಕಡಾ ಚಿಹ್ನೆಗಳ ಸರಪಳಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ವಿಳಾಸದಲ್ಲಿ ಬರೆದಾಗ ಒಂಬತ್ತು ಅಕ್ಷರಗಳ ಜಾಗ. ಕಾಗುಣಿತ, ಒತ್ತು ಎಲ್ಲವೂ ಪ್ರತ್ಯೇಕ ಲೆಕ್ಕ. ವಿಳಾಸದ ಆ ಭಾಗಕ್ಕೆ ಡೇಟಾಬೇಸ್‌ನಲ್ಲಿರುವ ಜಾಗ 200 ಅಕ್ಷರ. ಹಾಗಾಗಿ ಇಪ್ಪತ್ತೆರಡು ಚಿಹ್ನೆಗಳಾಗುವಷ್ಟರಲ್ಲಿ ವಿಳಾಸ ತುಂಡಾಗುತ್ತದೆ. ಜೊತೆಗೆ ಈ ಸರಪಳಿಯನ್ನು ದೊಡ್ಡಕ್ಷರದಲ್ಲೂ ಬರೆಯಬಹುದು, ಸಣ್ಣಕ್ಷರದಲ್ಲೂ ಬರೆಯಬಹುದು. ಕೆಲವು ಪ್ಲಗಿನ್‌ಗಳು ಅವನ್ನು ಎರಡು ಬೇರೆ ವಿಳಾಸಗಳೆಂದು ತಿಳಿದು ಒಂದೇ ಲೇಖನಕ್ಕೆ ಎರಡು ಫೈಲ್ ಇಡುತ್ತವೆ, ಅಪ್‌ಡೇಟ್ ಆದಾಗ ಒಂದನ್ನೇ ಅಳಿಸುತ್ತವೆ. ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಮೂರ್ನಾಲ್ಕು ಪದಗಳಲ್ಲಿ ಬರೆಯುವ ರೂಢಿ ಹೊಸ ಲೇಖನಗಳಿಗಾದರೂ ಒಳ್ಳೆಯದು. ಹಳೆಯವನ್ನು ಬದಲಿಸಲು ಹೋಗಬೇಡಿ, ಈಗಾಗಲೇ ಹಂಚಿಕೆಯಾದ ಕೊಂಡಿಗಳು ಮುರಿಯಬಹುದು.

ಫೈಲ್ ಇದ್ದರೂ ಅದನ್ನು ಕೊಡುವ ದಾರಿ ಬೇರೆ ಬೇರೆ. ಅಪಾಚೆ ಸರ್ವರ್‌ನಲ್ಲಿ ಎಚ್‌ಟಿ-ಆಕ್ಸೆಸ್ ಫೈಲಿನ ನಿಯಮಗಳಿದ್ದರೆ ಸರ್ವರ್ ನೇರವಾಗಿ ಎಚ್‌ಟಿಎಂಎಲ್ ಫೈಲನ್ನು ಎತ್ತಿ ಕೊಡುತ್ತದೆ, ಪಿಎಚ್‌ಪಿ ಏಳುವುದೇ ಇಲ್ಲ. ಸೂಪರ್ ಕ್ಯಾಶ್‌ನ ‘ಎಕ್ಸ್‌ಪರ್ಟ್’ ವಿಧಾನ ಇದು. ಎನ್‌ಜಿನ್‌ಎಕ್ಸ್ ಎಚ್‌ಟಿ-ಆಕ್ಸೆಸ್ ಫೈಲನ್ನು ಓದುವುದಿಲ್ಲ. ಅಲ್ಲಿ ನಿಯಮಗಳನ್ನು ಸರ್ವರ್‌ನ ಕಾನ್ಫಿಗರೇಷನ್‌ನಲ್ಲೇ ಬರೆಯಬೇಕು. ಇಲ್ಲದಿದ್ದರೆ ಕ್ಯಾಶ್ ಪುಟ ಕೊಡಲೂ ಪ್ರತಿ ಸಲ ಪಿಎಚ್‌ಪಿ ಏಳುತ್ತದೆ.

ಎರಡು ಕ್ಯಾಶ್ ಪ್ಲಗಿನ್ ಒಟ್ಟಿಗೆ ಹಾಕಬೇಡಿ. ಪುಟದ ಕ್ಯಾಶ್‌ಗೆ ವರ್ಡ್‌ಪ್ರೆಸ್ ಕೊಟ್ಟಿರುವ ಜಾಗ ಒಂದೇ ಫೈಲಿನದ್ದು, ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಹೋಸ್ಟಿಂಗ್‌ನವರೇ ಸರ್ವರ್ ಮಟ್ಟದ ಕ್ಯಾಶ್ ಕೊಟ್ಟಿದ್ದರೆ ಪ್ಲಗಿನ್‌ನ ಪುಟ ಕ್ಯಾಶ್ ಬೇಕೇ ಎಂದು ಮೊದಲು ಕೇಳಿ.

ತುಂಬಿ ತುಳುಕುವ ಕ್ಯಾಶ್ ಫೋಲ್ಡರ್

ಡಿಸ್ಕ್ ಗ್ರಾಫ್ ಏರುತ್ತಿದ್ದರೆ ಕ್ಯಾಶ್ ಫೋಲ್ಡರ್ ತೆರೆದು ಒಳಗಿನ ಫೈಲುಗಳನ್ನು ಎಣಿಸಿ. ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಫೈಲುಗಳನ್ನು ಒಟ್ಟುಗೂಡಿಸುವ ಆಯ್ಕೆ ಇಲ್ಲಿ ಹೆಚ್ಚಿನ ಸಲ ಅಪರಾಧಿ. ಪುಟದೊಳಗೇ ಬರೆದ ಸ್ಕ್ರಿಪ್ಟ್ ತುಣುಕುಗಳನ್ನೂ ಒಟ್ಟುಗೂಡಿಸಿದರೆ, ಆ ತುಣುಕಿನಲ್ಲಿ ಪುಟದಿಂದ ಪುಟಕ್ಕೆ ಬದಲಾಗುವ ಒಂದು ಅಂಕಿಯಿದ್ದರೂ ಸಾಕು, ಪ್ರತಿ ಪುಟಕ್ಕೂ ಹೊಸ ಒಟ್ಟು ಫೈಲ್ ಹುಟ್ಟುತ್ತದೆ. ಕೆಲವೇ ದಿನಗಳಲ್ಲಿ ಫೋಲ್ಡರ್‌ನಲ್ಲಿ ಗಿಗಾಬೈಟ್‌ಗಟ್ಟಲೆ ಕಸ. ಆ ಕಸ ಗುಡಿಸಲು ಪ್ಲಗಿನ್ ಆಗಾಗ ಇಡೀ ಫೋಲ್ಡರ್ ಜಾಲಾಡುತ್ತದೆ, ಅದು ಇನ್ನೊಂದು ಹೊರೆ. ಫೈಲುಗಳನ್ನು ಒಟ್ಟುಗೂಡಿಸುವುದರಿಂದ ಲಾಭವಿದ್ದದ್ದು ಹಳೆಯ ಎಚ್‌ಟಿಟಿಪಿ ಕಾಲದಲ್ಲಿ. 2015ರಲ್ಲಿ ಬಂದ ಎಚ್‌ಟಿಟಿಪಿ/2 ಒಂದೇ ಸಂಪರ್ಕದಲ್ಲಿ ಹಲವು ಫೈಲುಗಳನ್ನು ಒಟ್ಟಿಗೇ ತರುತ್ತದೆ. ಈ ಆಯ್ಕೆಯನ್ನು ಆಫ್ ಮಾಡಿ.

ಡೇಟಾಬೇಸ್ ಕ್ಯಾಶ್ ಮತ್ತು ಆಬ್ಜೆಕ್ಟ್ ಕ್ಯಾಶ್‌ಗಳನ್ನು ಡಿಸ್ಕಿನಲ್ಲಿ ಇಡುವ ಆಯ್ಕೆಗೂ ಇದೇ ಮಾತು. ಡಬ್ಲ್ಯೂ3 ಟೋಟಲ್ ಕ್ಯಾಶ್‌ನಲ್ಲಿ ಅವನ್ನು ಆನ್ ಮಾಡಿದರೆ ಡೇಟಾಬೇಸ್‌ನ ಕೆಲಸ ಉಳಿಯುವುದಕ್ಕಿಂತ ಡಿಸ್ಕಿನ ಕೆಲಸ ಹೆಚ್ಚಾಗುತ್ತದೆ. ಮೆಮೊರಿಯಲ್ಲೇ ಕ್ಯಾಶ್ ಇಡುವ ರೆಡಿಸ್ ಅಥವಾ ಮೆಮ್‌ಕ್ಯಾಶ್ಡ್ ಸಿಕ್ಕರೆ ಮಾತ್ರ ಆಬ್ಜೆಕ್ಟ್ ಕ್ಯಾಶ್ ಇಟ್ಟುಕೊಳ್ಳಿ.

ಕ್ಯಾಶ್‌ಗೆ ಸಿಕ್ಕದೆ ಜಾರಿಹೋಗುವ ಕೆಲಸಗಳು

‘ಈ ಲೇಖನ ಓದಿದವರು ಇಷ್ಟು’ ಎಂದು ತೋರಿಸುವ ಎಣಿಕೆ ಪ್ಲಗಿನ್‌ಗಳು ನಮ್ಮ ಸುದ್ದಿ ಸೈಟುಗಳಲ್ಲಿ ಬಲು ಜನಪ್ರಿಯ. ಪುಟ ಕ್ಯಾಶ್‌ನಿಂದಲೇ ಬಂದಿದ್ದರೂ ಎಣಿಕೆಗಾಗಿ ಪ್ಲಗಿನ್ ಹಿಂದಿನಿಂದ ಒಂದು ಅಜಾಕ್ಸ್ ಬೇಡಿಕೆ ಕಳಿಸಿ, ಪಿಎಚ್‌ಪಿ ಎಬ್ಬಿಸಿ, ಡೇಟಾಬೇಸ್‌ನಲ್ಲಿ ಬರೆಯುತ್ತದೆ. ಸಾವಿರ ಓದುಗರೆಂದರೆ ಸಾವಿರ ಬಾರಿ. ಈ ಸಂಖ್ಯೆ ಗೂಗಲ್ ಅನಲಿಟಿಕ್ಸ್‌ನಲ್ಲೇ ಸಿಗುತ್ತದೆ, ಪುಟದಲ್ಲಿ ತೋರಿಸಲೇಬೇಕೆಂಬ ಆಸೆ ಬಿಡಿ. ಅಂಗಡಿ ಸೈಟುಗಳಲ್ಲಿ ಇಂಥದೇ ಬೇಡಿಕೆಯನ್ನು ವೂಕಾಮರ್ಸ್ ಪ್ಲಗಿನ್‌ನ ಕಾರ್ಟ್ ಫ್ರ್ಯಾಗ್ಮೆಂಟ್ಸ್ ಎಂಬ ಸ್ಕ್ರಿಪ್ಟ್ ಕಳಿಸುತ್ತಿತ್ತು. 2023ರ 7.8ನೇ ಆವೃತ್ತಿಯಿಂದ ಅದು ಎಲ್ಲ ಪುಟಗಳಲ್ಲೂ ತಾನಾಗಿ ಓಡುವುದಿಲ್ಲ. ಹಳೆಯ ಆವೃತ್ತಿಯಲ್ಲಿದ್ದರೆ ಅಪ್‌ಡೇಟ್ ಮಾಡಿ.

ನಿಗದಿತ ಹೊತ್ತಿನ ಕೆಲಸಗಳನ್ನು ಓಡಿಸುವ ವರ್ಡ್‌ಪ್ರೆಸ್‌ನ ಕ್ರಾನ್ ಓದುಗರ ಭೇಟಿಯನ್ನೇ ನೆಪ ಮಾಡಿಕೊಂಡು ಏಳುತ್ತದೆ. ಪ್ರಿಲೋಡ್, ಕಸ ಗುಡಿಸುವುದು ಎಲ್ಲ ಅದರ ಪಟ್ಟಿಯಲ್ಲೇ ಇರುವುದರಿಂದ ಜನ ಹೆಚ್ಚಿರುವ ಹೊತ್ತಿಗೇ ಆ ಕೆಲಸವೂ ಬೀಳಬಹುದು. ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ‘ಡಿಸೇಬಲ್ ಡಬ್ಲ್ಯೂಪಿ ಕ್ರಾನ್’ ಎಂಬುದನ್ನು ಟ್ರೂ ಮಾಡಿ, ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್‌ನಿಂದ 15 ನಿಮಿಷಕ್ಕೊಮ್ಮೆ ಓಡಿಸಿ. ಲೇಖನಗಳನ್ನು ನಿಗದಿತ ಸಮಯಕ್ಕೆ ಪ್ರಕಟವಾಗುವಂತೆ ಇಡುವವರು 5 ನಿಮಿಷ ಇಟ್ಟುಕೊಳ್ಳಿ. ಸಿಪ್ಯಾನೆಲ್‌ನ ಕ್ರಾನ್ ಜಾಬ್ ಹಾಕುವುದನ್ನು ಮರೆತರೆ ಅಂಥ ಲೇಖನ ಪ್ರಕಟವಾಗುವುದೇ ಇಲ್ಲ.

ಲಾಗ್‌ನಲ್ಲಿ ಹೊರಗಿನ ಬಾಟ್‌ಗಳೂ ಕಂಡಿರುತ್ತವೆ. ಹಳೆಯ ಟ್ಯಾಗ್ ಪುಟಗಳನ್ನು ಒಂದೊಂದಾಗಿ ತೆರೆಯುವ ಇವುಗಳಿಗೆ ಕ್ಯಾಶ್ ಸಿಗುವುದೇ ಅಪರೂಪ. ನಿಮಗೆ ಪ್ರಯೋಜನವಿಲ್ಲದವನ್ನು ರೋಬಾಟ್ಸ್ ಫೈಲಿನಲ್ಲಿ ತಡೆಯಿರಿ, ಮಾತು ಕೇಳದವನ್ನು ಕ್ಲೌಡ್‌ಫ್ಲೇರ್‌ನಂಥ ಸೇವೆಯಲ್ಲಿ ತಡೆಯಿರಿ. ಗೂಗಲ್ ‘ಕ್ರಾಲ್ ಡಿಲೇ’ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನೆನಪಿರಲಿ. ಕ್ಲೌಡ್‌ಫ್ಲೇರ್ ಹಾಕಿಕೊಂಡ ಮಾತ್ರಕ್ಕೆ ಪುಟಗಳೂ ಅಲ್ಲಿ ಕ್ಯಾಶ್ ಆಗುತ್ತವೆ ಎಂದುಕೊಳ್ಳಬೇಡಿ. ಮೊದಲಿನಿಂದ ಅದು ಉಳಿಸುವುದು ಚಿತ್ರ, ಸಿಎಸ್‌ಎಸ್, ಸ್ಕ್ರಿಪ್ಟ್‌ಗಳನ್ನಷ್ಟೇ. ಎಚ್‌ಟಿಎಂಎಲ್ ಪುಟಕ್ಕೆ ಪ್ರತ್ಯೇಕ ನಿಯಮ ಬೇಕು, ಲಾಗಿನ್ ಆದವರನ್ನು ಆ ನಿಯಮದಿಂದ ಹೊರಗಿಡಬೇಕು.

ಇವನ್ನೆಲ್ಲ ಒಂದೇ ದಿನ ಬದಲಿಸಬೇಡಿ. ಹಾಗೆ ಮಾಡಿದರೆ ಯಾವುದರಿಂದ ಲೋಡ್ ಇಳಿಯಿತು ಎಂಬುದು ತಿಳಿಯುವುದಿಲ್ಲ, ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂಬುದೂ ತಿಳಿಯುವುದಿಲ್ಲ. ಬ್ಯಾಕಪ್ ತೆಗೆದುಕೊಂಡು, ಒಂದು ಸೆಟಿಂಗ್ ಬದಲಿಸಿ, ಒಂದು ಪೂರ್ತಿ ದಿನ ಗ್ರಾಫ್ ನೋಡಿ. ಮೊದಲ ಸರದಿ ಪ್ರಿಲೋಡ್‌ಗೆ ಇರಲಿ. ದೊಡ್ಡ ಪ್ಲಾನ್‌ಗೆ ವರ್ಷದ ಹಣ ಕಟ್ಟುವ ಮೊದಲು ಈ ಒಂದನ್ನಾದರೂ ಆಫ್ ಮಾಡಿ ಎರಡು ದಿನ ಕಾಯಿರಿ. ಅದಾದ ಮೇಲೂ ಮಿತಿ ಮೀರುತ್ತಿದ್ದರೆ ಹೋಸ್ಟಿಂಗ್‌ನವರಿಗೆ ಬರೆಯಿರಿ: ಯಾವ ಗ್ರಾಫ್, ಯಾವ ಹೊತ್ತು, ಆ ಹೊತ್ತಿನಲ್ಲಿ ಲಾಗ್‌ನಲ್ಲಿ ಕಂಡ ಹೆಸರುಗಳು, ನೀವು ಮಾಡಿದ ಬದಲಾವಣೆಗಳು. ಇಷ್ಟು ವಿವರ ಇರುವ ಮೇಲ್‌ಗೆ ‘ಪ್ಲಾನ್ ಅಪ್‌ಗ್ರೇಡ್ ಮಾಡಿ’ ಎಂಬ ಸಿದ್ಧ ಉತ್ತರ ಕಳಿಸಿ ಕೈತೊಳೆದುಕೊಳ್ಳುವುದು ಅವರಿಗೂ ಕಷ್ಟ.